ಕಡಲಾಚೆಯ ದನಿಗೆ ಎಷ್ಟು ಆ್ಯಪ್?

ನಮ್ಮ ಮಂಗಳೂರಿನ ಬ್ಯಾರಿ ಮನೆಗಳಲ್ಲಿ ಮೊಬೈಲ್ ತೆರೆದು ನೋಡಿ. ಮಾತಾಡ್ಲಿಕ್ಕೆ ಒಂದೇ ಆ್ಯಪ್ ಇರುವುದು ಕಡಿಮೆ. ವಾಟ್ಸ್‌ಆ್ಯಪ್ ಜೊತೆ ಐಎಂಒ, ಬೋಟಿಮ್ ಇರುತ್ತವೆ. ಹುಡುಗರದ್ದಾದರೆ ಟೆಲಿಗ್ರಾಂ ಬೇರೆ. ಇದು ಶೋಕಿಗಲ್ಲ. ಮನೆಯವರು ಯಾವ ದೇಶದಲ್ಲಿ ದುಡಿಯುತ್ತಾರೋ, ಅಲ್ಲಿ ಯಾವುದು ನಡೆಯುತ್ತದೋ ಅದನ್ನೇ ಇಲ್ಲಿಯೂ ಇಟ್ಟುಕೊಳ್ಳಬೇಕು.

ನಾವು ಚಿಕ್ಕವರಿರುವಾಗ ಗಲ್ಫಿನಿಂದ ಬರುತ್ತಿದ್ದದ್ದು ಕಾಗದ. ಊರಿಗೆ ಬರುವವರ ಕೈಯಲ್ಲಿ ಮಾತು ತುಂಬಿಸಿದ ಕ್ಯಾಸೆಟ್ ಕಳಿಸುವವರೂ ಇದ್ದರು. ಐಎಸ್‌ಡಿ ಬೂತಿನಲ್ಲಿ ಕಣ್ಣೆಲ್ಲ ಮೀಟರಿನ ಮೇಲೆಯೇ. ಆಮೇಲೆ ಸೈಬರ್ ಕೆಫೆಗಳು ಬಂದವು, ಅವುಗಳ ಜೊತೆ ಯಾಹೂ ಮೆಸೆಂಜರ್. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತು ಬ್ಯಾರಿ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಿದ್ದೆವು. ಆದರೆ ಉಮ್ಮಂದಿರು ಅಲ್ಲಿಗೆ ಬರುವಂತಿರಲಿಲ್ಲ. 1998ರಲ್ಲಿ ಹುಟ್ಟಿದ ಆ ಮೆಸೆಂಜರ್ 2018ರ ಜುಲೈ 17ಕ್ಕೆ ಮುಚ್ಚಿತು. ನಮ್ಮಲ್ಲಿ ಅದನ್ನು ಯಾರೂ ಹುಡುಕಲಿಲ್ಲ.

ನಿಜವಾದ ಬದಲಾವಣೆ ತಂದದ್ದು ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶ. 2013ರಲ್ಲಿ ಅದು ಬಂತು. ನಮ್ಮ ಹಿರಿಯ ಹೆಂಗಸರಲ್ಲಿ ಅನೇಕರಿಗೆ ಕುರ್‌ಆನ್ ಓದ್ಲಿಕ್ಕೆ ಬರುತ್ತದೆ, ಕನ್ನಡ ಟೈಪ್ ಮಾಡ್ಲಿಕ್ಕೆ ಬರುವುದಿಲ್ಲ. ಮೈಕಿನ ಗುರುತು ಒತ್ತಿ ಹಿಡಿದರೆ ಸಾಕು, ಬ್ಯಾರಿ ಭಾಷೆಯಲ್ಲೇ ಮಗನನ್ನು ವಿಚಾರಿಸಬಹುದು. ಬೈಯಲೂಬಹುದು. ಬರೆಯುವವರ ಕೈ ಕಾಯುವ ಕಾಲ ಅಲ್ಲಿಗೆ ಮುಗಿಯಿತು.

ಆದರೆ ಯುಎಇಯಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಇಂಟರ್‌ನೆಟ್ ಕರೆಗೆ ಅಲ್ಲಿ ಅನುಮತಿ ಪಡೆದ ಆ್ಯಪ್‌ಗಳೇ ಬೇಕು. ಹಾಗಾಗಿ 2018ರಿಂದ ಚಂದಾ ಕಟ್ಟಿ ಬೋಟಿಮ್ ಬಳಸುವುದು ರೂಢಿಯಾಯಿತು. ಸೌದಿ ಅರೇಬಿಯಾ 2017ರ ಸೆಪ್ಟೆಂಬರಿನಲ್ಲಿ ನಿರ್ಬಂಧ ಸಡಿಲಿಸಿತು. ನೆಟ್ ನಿಧಾನ ಇರುವಲ್ಲಿ ಐಎಂಒ ವಾಸಿ ಅಂತ ಹೇಳುವವರು ಈಗಲೂ ಇದ್ದಾರೆ. ದುಬೈಯಲ್ಲೊಬ್ಬ, ರಿಯಾದಿನಲ್ಲೊಬ್ಬ ಮಗ ಇದ್ದರೆ ಉಮ್ಮ ಎರಡು ರಿಂಗ್‌ಟೋನ್ ಗುರುತಿಟ್ಟುಕೊಳ್ಳಬೇಕು.

ಇಷ್ಟೆಲ್ಲ ಆ್ಯಪ್ ಇದ್ದೂ ಒಂದೂ ಉಪಯೋಗಕ್ಕೆ ಬಾರದ ದಿನಗಳನ್ನು ನಾವು ಕಂಡಿದ್ದೇವೆ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ನಡೆದ ಗೋಲಿಬಾರಿನಲ್ಲಿ ಇಬ್ಬರು ಮೃತಪಟ್ಟರು. ಆ ರಾತ್ರಿಯಿಂದ ಜಿಲ್ಲೆಯಲ್ಲಿ ಮೊಬೈಲ್ ಇಂಟರ್‌ನೆಟ್ 48 ಗಂಟೆ ಬಂದ್. ಗಲ್ಫಿನಲ್ಲಿದ್ದವರು ಟಿವಿಯಲ್ಲಿ ನಮ್ಮ ಬೀದಿಗಳನ್ನು ನೋಡುತ್ತಿದ್ದರು. ಮನೆಯವರು ಹೇಗಿದ್ದಾರೆ ಅಂತ ಗೊತ್ತಾಗುತ್ತಿರಲಿಲ್ಲ. ಮೆಸೇಜಿಗೆ ಒಂದೇ ಟಿಕ್. ಕಡೆಗೆ ಉಪಯೋಗಕ್ಕೆ ಬಂದದ್ದು ಹಳೇ ಐಎಸ್‌ಡಿ ಕರೆ, ಕೆಲವು ಮನೆಗಳ ಲ್ಯಾಂಡ್‌ಲೈನ್. ಒಬ್ಬರಿಗೆ ಕರೆ ಸಿಕ್ಕಿದರೆ ಅಕ್ಕಪಕ್ಕದ ನಾಲ್ಕು ಮನೆಯ ಕ್ಷೇಮ ಕೇಳುತ್ತಿದ್ದರು.

ಮರುವರ್ಷ ಕೊರೊನಾ. ಮದರಸದ ಬಾಗಿಲು ಮುಚ್ಚಿದಾಗ ಮಕ್ಕಳ ಪಾಠವನ್ನು ಧ್ವನಿ ಸಂದೇಶದಲ್ಲೇ ಕೇಳಿದೆವು. ಸಣ್ಣವರು ಧೈರ್ಯವಾಗಿ ಓದಿ ಕಳಿಸುತ್ತಿದ್ದರು. ಆದರೆ 'ಸೀನ್' ಮತ್ತು 'ಸ್ವಾದ್' ಅಕ್ಷರಗಳ ವ್ಯತ್ಯಾಸ ಮೊಬೈಲಿನಲ್ಲಿ ಸರಿಯಾಗಿ ಕೇಳುತ್ತಿರಲಿಲ್ಲ. ನಾಲಗೆ ಎಲ್ಲಿದೆ ಅಂತ ಎದುರು ಕೂತು ನೋಡಿದರೇ ಗೊತ್ತಾಗುವುದು. ಮನೆಗೊಂದೇ ಮೊಬೈಲ್, ಅದೂ ತಂದೆಯ ಜೇಬಿನಲ್ಲಿ. ಹಾಗಾಗಿ ಕೆಲವು ಮಕ್ಕಳ ಪಾಠ ರಾತ್ರಿ ಹತ್ತರ ನಂತರ ಬರುತ್ತಿತ್ತು.

2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ಹೊಸ ಖಾಸಗಿತನ ನೀತಿ ತಂದಾಗ ಎಲ್ಲರೂ ಸಿಗ್ನಲ್, ಟೆಲಿಗ್ರಾಂ ಅಂದರು. ನಾವೂ ಹಾಕಿಕೊಂಡೆವು. ಸ್ವಲ್ಪ ದಿನಕ್ಕೆ ಕುಟುಂಬದ ಗ್ರೂಪ್ ಹಿಂದಕ್ಕೇ ಬಂತು, ಯಾಕೆಂದರೆ ಮನೆಯ ಹಿರಿಯರು ಇದ್ದದ್ದು ವಾಟ್ಸ್‌ಆ್ಯಪ್‌ನಲ್ಲಿ. ಯಾವ ಆ್ಯಪ್ ಒಳ್ಳೆಯದು ಅಂತ ಕೇಳುವವರಿಗೆ ನಮ್ಮ ಉತ್ತರ ಇಷ್ಟೇ: ನಿಮ್ಮ ಉಮ್ಮನಿಗೆ ಬಳಸ್ಲಿಕ್ಕೆ ಬರುವಂಥದ್ದು.

ಎರಡು ಕೆಲಸ ಮಾತ್ರ ಎಲ್ಲರೂ ಮಾಡಿಡಿ. ಮನೆಯವರ ನಂಬರುಗಳನ್ನು ದೇಶದ ಕೋಡ್ ಸಮೇತ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಹಿರಿಯರ ಧ್ವನಿ ಸಂದೇಶಗಳನ್ನು ಬೇರೊಂದು ಕಡೆಯೂ ಉಳಿಸಿಡಿ. ಮೊಬೈಲ್ ಹಾಳಾದರೆ ಹೊಸತು ಸಿಗುತ್ತದೆ, ಆ ದನಿ ಸಿಗುವುದಿಲ್ಲ.