ಲೇಬಲ್ಲಿನ ಮೇಲೊಂದು ವಿಶೇಷಣ

ರಾಗಿ ಮಾಲ್ಟಿನಂತಹ ಪುಡಿಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರು ಪೊಟ್ಟಣದ ಮೇಲೆ 'ಎನರ್ಜೆಟಿಕ್' ಎಂದು ಮುದ್ರಿಸುವುದುಂಟು. ಇಂಗ್ಲಿಷಿನಲ್ಲಿ ಈ ವಿಶೇಷಣವು ಸಾಮಾನ್ಯವಾಗಿ ಚೈತನ್ಯವುಳ್ಳ ವ್ಯಕ್ತಿಗೆ ಸಲ್ಲುತ್ತದೆ. ಚೈತನ್ಯ ನೀಡುವ ಪದಾರ್ಥಕ್ಕೆ 'ಎನರ್ಜೈಸಿಂಗ್' ಎನ್ನಬೇಕು. ಉಂಡವನು ಎನರ್ಜೆಟಿಕ್, ಉಂಡದ್ದು ಎನರ್ಜೈಸಿಂಗ್ ಎಂದು ನೆನಪಿಟ್ಟರೆ ಸಾಕು.

ಆದರೆ ವ್ಯಾಕರಣವನ್ನು ತಿದ್ದಿದ ಮಾತ್ರಕ್ಕೆ ಹೊಣೆ ತೀರದು. ಅದೇ ಪುಡಿಯನ್ನು 'ಎನರ್ಜಿ ಡ್ರಿಂಕ್' ಎಂದು ಕರೆದರೆ ಕಾನೂನಿನ ಪ್ರಶ್ನೆ ಏಳುತ್ತದೆ. 2024ರ ಏಪ್ರಿಲ್‌ನಲ್ಲಿ ಇ-ವಾಣಿಜ್ಯ ಸಂಸ್ಥೆಗಳಿಗೆ ಎಫ್‌ಎಸ್‌ಎಸ್‌ಎಐ ನೀಡಿದ ಸ್ಪಷ್ಟೀಕರಣದಂತೆ, ಈ ಹೆಸರು ಕೆಫೀನ್‌ಯುಕ್ತ ಪಾನೀಯಗಳೆಂದು ಪರವಾನಗಿ ಪಡೆದವುಗಳಿಗೆ ಮಾತ್ರ ಮೀಸಲು. ಅವುಗಳಲ್ಲಿ ಲೀಟರಿಗೆ 145ರಿಂದ 300 ಮಿ.ಗ್ರಾಂ ಕೆಫೀನ್ ಇರಬೇಕು. ಹಾಲು, ಧಾನ್ಯ, ಮಾಲ್ಟ್ ಆಧಾರಿತ ಪುಡಿಗಳಿಗೆ ಅದು ಸಲ್ಲದು.

ತಪ್ಪು ಲೇಬಲ್ಲಿಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 52ನೇ ಕಲಮಿನನ್ವಯ 3 ಲಕ್ಷ ರೂ., ದಾರಿ ತಪ್ಪಿಸುವ ಜಾಹೀರಾತಿಗೆ 53ನೇ ಕಲಮಿನನ್ವಯ 10 ಲಕ್ಷ ರೂ.ಗಳವರೆಗೆ ದಂಡ ವಿಧಿಸಬಹುದು. ಬಿಲ್ಲಿನಲ್ಲಿಯೂ ಅದೇ ಹೆಸರಿದ್ದರೆ ತೆರಿಗೆ ವರ್ಗೀಕರಣದ ವಿವಾದ ಎದ್ದೀತು: 2025ರ ಸೆಪ್ಟೆಂಬರ್ 22ರಿಂದ ಕೆಫೀನ್‌ಯುಕ್ತ ಪಾನೀಯಕ್ಕೆ ಜಿಎಸ್‌ಟಿ ಶೇ. 40.

ಆದುದರಿಂದ ಸದಸ್ಯರು ಮುದ್ರಣಕ್ಕೆ ಕೊಡುವ ಮುನ್ನ ಲೇಬಲ್ಲನ್ನು ಪರವಾನಗಿಯೊಡನೆ ತಾಳೆ ನೋಡುವುದು ಒಳಿತು. 100 ಗ್ರಾಂ ಪುಡಿಯಲ್ಲಿ ಎಷ್ಟು ಕಿಲೊಕ್ಯಾಲೊರಿ ಎಂಬ ಅಂಕಿ ಯಾವ ವಿಶೇಷಣಕ್ಕಿಂತಲೂ ಸ್ಪಷ್ಟವಾಗಿ ಮಾತನಾಡುತ್ತದೆ.