ಮುಕ್ತ ತಂತ್ರಾಂಶಕ್ಕೆ ಬಹಿರಂಗ ಚರ್ಚೆಯೇ ಭದ್ರತೆ

ಪಾಲುದಾರಿಕೆಯ ವ್ಯವಹಾರದಲ್ಲಿ ಲೆಕ್ಕದ ಪುಸ್ತಕ ಎಲ್ಲ ಪಾಲುದಾರರಿಗೂ ತೆರೆದಿರಬೇಕೆಂಬುದು ವರ್ತಕರೆಲ್ಲ ಬಲ್ಲ ನಿಯಮ. ಮುಕ್ತ ತಂತ್ರಾಂಶಗಳ ಅಭಿವೃದ್ಧಿಗೂ ಈ ಮಾತು ಅನ್ವಯಿಸುತ್ತದೆ. ಸೋರ್ಸ್ ಕೋಡ್ ಎಲ್ಲರಿಗೂ ದೊರೆತರಷ್ಟೇ ಸಾಲದು. ಯಾವ ಬದಲಾವಣೆ ಏಕಾಯಿತು, ಯಾವ ದೋಷ ಇನ್ನೂ ಉಳಿದಿದೆ ಎಂಬ ಚರ್ಚೆಯೂ ಬಹಿರಂಗವಾಗಿರಬೇಕು.

ಅಮೆರಿಕದಲ್ಲಿ 1999ರಲ್ಲಿ ಸ್ಥಾಪನೆಗೊಂಡ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಇದನ್ನು ನಿಯಮವನ್ನಾಗಿಯೇ ಮಾಡಿಕೊಂಡಿದೆ. ಅದರ ಯೋಜನೆಗಳ ತಾಂತ್ರಿಕ ನಿರ್ಧಾರಗಳು ಸಾರ್ವಜನಿಕ ಇ-ಮೇಲ್ ಚರ್ಚೆಯಲ್ಲೇ ಆಗಬೇಕು. ಮುಖತಃ ಅಥವಾ ದೂರವಾಣಿಯಲ್ಲಿ ಮಾತನಾಡಿದ್ದನ್ನೂ ಅಲ್ಲಿ ಮಂಡಿಸಬೇಕು. ಮತಕ್ಕೆ ಹಾಕಿದ ವಿಷಯಕ್ಕೆ ಸಾಮಾನ್ಯವಾಗಿ ಕನಿಷ್ಠ 72 ಗಂಟೆಗಳ ಕಾಲಾವಕಾಶವಿರುತ್ತದೆ. ಇದರಿಂದ ಬೇರೆ ಬೇರೆ ದೇಶಗಳ ಸ್ವಯಂಸೇವಕರೂ ಅಭಿಪ್ರಾಯ ತಿಳಿಸಬಹುದು. ವ್ಯಕ್ತಿಗಳಿಗೆ ಸಂಬಂಧಿಸಿದ ವಿಚಾರ, ಇನ್ನೂ ಸರಿಪಡಿಸದ ಭದ್ರತಾ ದೋಷ ಮುಂತಾದ ಕೆಲವೇ ಸಂಗತಿಗಳು ಇದಕ್ಕೆ ಅಪವಾದ.

ಅಪ್ರಿಯ ಸತ್ಯವೂ ಬಹಿರಂಗ

ಈ ನಿಯಮಕ್ಕೆ 2016ರಲ್ಲಿ ಕಠಿಣ ಪರೀಕ್ಷೆ ಎದುರಾಯಿತು. ಪತ್ರ, ಬೆಲೆಪಟ್ಟಿ, ಲೆಕ್ಕಪತ್ರಗಳ ತಯಾರಿಕೆಗೆ ಉಚಿತವಾಗಿ ದೊರೆಯುವ ಓಪನ್‌ಆಫೀಸ್ ತಂತ್ರಾಂಶವನ್ನು ಒರಾಕಲ್ ಕಂಪನಿಯು 2011ರಲ್ಲಿ ಅಪಾಚೆಗೆ ಒಪ್ಪಿಸಿತ್ತು. ಅಷ್ಟರಲ್ಲಾಗಲೇ ಅದರ ಸ್ವಯಂಸೇವಕರಲ್ಲಿ ಅನೇಕರು 2010ರಲ್ಲಿ ಬೇರೆಯಾಗಿ ಲಿಬ್ರೆಆಫೀಸ್ ಆರಂಭಿಸಿದ್ದರು. ಭದ್ರತಾ ದೋಷಗಳನ್ನು ಸಕಾಲದಲ್ಲಿ ಸರಿಪಡಿಸಲು ಓಪನ್‌ಆಫೀಸಿನಲ್ಲಿ ಸಾಕಷ್ಟು ತಂತ್ರಜ್ಞರಿರಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಯೋಜನೆಯ ಮುಖ್ಯಸ್ಥರು, ಅದನ್ನು ನಿಲ್ಲಿಸಬೇಕಾಗಿ ಬಂದರೆ ಏನೇನು ಮಾಡಬೇಕಾದೀತೆಂಬ ಪ್ರಶ್ನೆಯನ್ನು ಎಲ್ಲರೂ ಓದುವಂತೆ ಚರ್ಚೆಗಿಟ್ಟರು.

ಇಂಥ ಮಾತು ಹೊರಬಿದ್ದರೆ ಇರುವ ವಿಶ್ವಾಸವೂ ಹೋದೀತೆಂದು ಕೆಲವರು ಆಕ್ಷೇಪಿಸಿದರು. ಆ ಆತಂಕ ನಿರಾಧಾರವೇನಲ್ಲ. ಆದರೆ ಆ ತಂತ್ರಾಂಶವನ್ನೇ ನೆಚ್ಚಿದ್ದ ಕಚೇರಿಗಳಿಗೆ ಅಪಾಯದ ಸುಳಿವು ಮೊದಲೇ ದೊರೆಯಿತು. ಎರಡು ತಂತ್ರಾಂಶಗಳೂ ಒಂದೇ ಮುಕ್ತ ಕಡತ ಮಾದರಿಯನ್ನು ಬಳಸುತ್ತಿದ್ದುದರಿಂದ ಲಿಬ್ರೆಆಫೀಸಿಗೆ ಬದಲಾಗುವ ದಾರಿಯೂ ತೆರೆದಿತ್ತು. ಯೋಜನೆ ಆಗ ನಿಲ್ಲಲಿಲ್ಲ. ಅಕ್ಟೋಬರಿನಲ್ಲಿ ಹೊಸ ಆವೃತ್ತಿ ಹೊರಬಂದಿತು. ಚರ್ಚೆ ಗುಟ್ಟಾಗಿ ನಡೆದಿದ್ದರೆ ಬಳಕೆದಾರರು ಕತ್ತಲಲ್ಲೇ ಉಳಿಯುತ್ತಿದ್ದರು.

ಉದ್ದಿಮೆದಾರರು ಗಮನಿಸಬೇಕಾದದ್ದು

ಬಿಲ್ಲಿಂಗ್, ದಾಸ್ತಾನು ಅಥವಾ ಲೆಕ್ಕಪತ್ರಗಳಿಗೆ ಮುಕ್ತ ತಂತ್ರಾಂಶವನ್ನು ಆರಿಸುವ ಮುನ್ನ ಬೆಲೆಯ ಜೊತೆಗೆ ಮೂರು ಅಂಶಗಳನ್ನು ವಿಚಾರಿಸುವುದು ಒಳ್ಳೆಯದು: ದೋಷಗಳ ಪಟ್ಟಿ ಎಲ್ಲರಿಗೂ ಕಾಣುವಂತಿದೆಯೇ? ಕೊನೆಯ ಆವೃತ್ತಿ ಬಂದು ಎಷ್ಟು ಕಾಲವಾಯಿತು? ನಿರ್ಧಾರಗಳು ಒಂದೇ ಕಂಪನಿಯ ಕೈಯಲ್ಲಿವೆಯೇ? ಇವುಗಳಿಗೆ ಉತ್ತರ ಬಹಿರಂಗ ಚರ್ಚೆಯ ದಾಖಲೆಗಳಲ್ಲಿ ಸಿಗುತ್ತದೆ. ಓದಿ ಹೇಳಲು ಕಂಪ್ಯೂಟರ್ ಬಲ್ಲ ಒಬ್ಬ ನೌಕರರಿದ್ದರೆ ಸಾಕು.

ದೋಷ ಕಂಡಲ್ಲಿ ವರದಿ ಮಾಡುವುದೂ ಬಳಕೆದಾರರ ಕರ್ತವ್ಯ. ಆದರೆ ಒಮ್ಮೆ ಪ್ರಕಟವಾದದ್ದನ್ನು ಹಿಂದೆಗೆದುಕೊಳ್ಳುವುದು ಕಷ್ಟ. ಆದ್ದರಿಂದ ಗ್ರಾಹಕರ ವಿವರ, ಪಾಸ್‌ವರ್ಡ್, ಬ್ಯಾಂಕ್ ಖಾತೆಯ ಮಾಹಿತಿಗಳನ್ನು ತೆಗೆದ ನಂತರವೇ ವರದಿ ಕಳುಹಿಸಬೇಕು. ಭದ್ರತಾ ದೋಷವಾಗಿದ್ದರೆ ಅದಕ್ಕೆಂದೇ ಇರುವ ಗೋಪ್ಯ ವಿಳಾಸಕ್ಕೆ ಬರೆಯಬೇಕು.