ಪದರದ ತೊಲೆಗಳ ಬಲವು

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಈ ಕಡೆಗಳ ಹಳೆಯ ಮನೆಗಳಲ್ಲಿ ಮಾಡಿನ ಕೆಳಗೆ ಮುಚ್ಚಿಗೆ ಇರುವದನ್ನು ನಮ್ಮ ವಾಚಕರು ಬಲ್ಲರು. ತೊಲೆಗಳ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಇದರಿಂದ ಸೆಕೆಗಾಲದಲ್ಲಿ ಕೋಣೆಯು ತಂಪಾಗಿರುವದು. ಈಗ ಕೆಲವರು ಆ ಮಣ್ಣನ್ನು ತೆಗೆಸಿ ಕಾಂಕ್ರೀಟು ಹಾಸಿಸಿ, ಉಪ್ಪರಿಗೆಯು ಗಟ್ಟಿಯಾಯಿತೆಂದು ನೆನಸುತ್ತಾರೆ. ಅದು ನಿಜವಾಗಿ ಗಟ್ಟಿಯಾಗುವದೋ, ಬರೇ ಭಾರ ಹೆಚ್ಚುವದೋ ಎಂಬದು ಕಾಂಕ್ರೀಟಿಗೂ ಮರಕ್ಕೂ ಇರುವ ಬೆಸುಗೆಯ ಮೇಲೆ ನಿಂತಿದೆ. ಮನೆಮಂದಿಯ ಕ್ಷೇಮಕ್ಕೆ ತಗಲುವ ವಿಷಯವಾದುದರಿಂದ ಅದನ್ನು ಇಲ್ಲಿ ವಿವರಿಸುತ್ತೇವೆ.

ದಪ್ಪನೆಯ ನೋಟುಪುಸ್ತಕವೊಂದನ್ನು ಎರಡು ಕೈಗಳಿಂದ ಹಿಡಿದು ಬಾಗಿಸಿ ನೋಡಿರಿ. ಹೊಲಿಗೆಯಿಲ್ಲದ ಕಡೆಯಲ್ಲಿ ಸಮನಾಗಿದ್ದ ಅಂಚು ಓರೆಯಾಗುವದು; ಯಾಕಂದರೆ ಪ್ರತಿಯೊಂದು ಹಾಳೆಯು ನೆರೆಯ ಹಾಳೆಯ ಮೇಲೆ ಜಾರುತ್ತದೆ. ಒಂದರ ಮೇಲೊಂದು ಇಟ್ಟ ಎರಡು ಹಲಗೆಗಳಲ್ಲಿಯೂ ಹೀಗೆಯೇ. ಭಾರ ಬಿದ್ದಾಗ ಮೇಲಿನ ಹಲಗೆಯ ಅಡಿಭಾಗವು ಹಿಗ್ಗುವದು, ಕೆಳಗಿನ ಹಲಗೆಯ ಮೇಲ್ಭಾಗವು ಕುಗ್ಗುವದು. ಆದಕಾರಣ ಒಂದನ್ನೊಂದು ಮುಟ್ಟಿಕೊಂಡಿದ್ದರೂ ಅವು ಒಂದರ ಮೇಲೊಂದು ಸರಿಯುವವು. ಸಮಾನವಾದ ಎರಡು ಹಲಗೆಗಳನ್ನು ಸುಮ್ಮನೆ ಇಟ್ಟರೆ ಒಂದಕ್ಕಿಂತ ೨ ಪಾಲು ಬಿಗುವು ಮಾತ್ರ. ಅವೇ ಹಲಗೆಗಳು ಎಲ್ಲಿಯೂ ಜಾರದಂತೆ ಅಂಟಿ ಒಂದಾದರೆ ಬಿಗುವು ೮ ಪಾಲು, ಹೊರುವ ಬಲವು ೪ ಪಾಲು! ಮರವು ಅಷ್ಟೇ, ಹೆಚ್ಚಾದದ್ದು ಐಕ್ಯವೊಂದೇ.

ಇಲ್ಲಿ ಜನರು ಸಾಮಾನ್ಯವಾಗಿ ಮೋಸಹೋಗುವ ಒಂದು ಸಂಗತಿಯುಂಟು. ತೋಡಿನ ಸಂಕಕ್ಕೆ ಎರಡು ಅಡಕೆ ದಬ್ಬೆಗಳನ್ನು ಒಂದರ ಮೇಲೊಂದು ಇಟ್ಟು ಬಳ್ಳಿಯಿಂದ ಬಲವಾಗಿ ಕಟ್ಟಿದೆವೆಂದು ಎಣಿಸಿರಿ. ಕಟ್ಟು ಅವುಗಳನ್ನು ಅಗಲಗೊಡದು, ಆದರೆ ಜಾರುವದನ್ನು ಬಹಳ ಸ್ವಲ್ಪವೇ ತಡೆಯುವದು. ಎರಡನ್ನೂ ತೂರಿಹೋಗುವ ಗೂಟವನ್ನು ಹೊಡೆದರೆ ಮಾತ್ರ ಜಾರಿಕೆಗೆ ಅಡ್ಡಿಯಾಗುವದು. ಆದರೂ ಗೂಟವಾಗಲಿ ಮೊಳೆಯಾಗಲಿ ತುಸು ಬಾಗುವದು, ಮರವೂ ಅದರ ಸುತ್ತಲೂ ತುಸು ಅದುಮಿಹೋಗುವದು. ಆದುದರಿಂದ ಮೊಳೆ ಹೊಡೆದ ತೊಲೆಯು ಪೂರ್ತಿ ಬೇರೆಯೂ ಅಲ್ಲ, ಪೂರ್ತಿ ಒಂದೂ ಅಲ್ಲ. ಅದರ ಬಿಗುವು ಆ ೨ ಮತ್ತು ೮ರ ನಡುವೆ ಎಲ್ಲಿಯೋ ನಿಲ್ಲುವದು. ಎಲ್ಲಿ ನಿಲ್ಲುವದೆಂದು ಲೆಕ್ಕಿಸುವದು ಸುಲಭವಲ್ಲ. ಸ್ವೀಡನಿನ ಗ್ರಾನ್‌ಹೋಲ್ಮರು ೧೯೪೯ರಲ್ಲಿ ಮೊಳೆಯ ಮರದ ತೊಲೆಗಳ ವಿಷಯವಾಗಿಯೂ, ಅಮೇರಿಕದ ನ್ಯೂಮಾರ್ಕ್, ಸೀಸ್, ವೀಸ್ಟ್ ಎಂಬವರು ೧೯೫೧ರಲ್ಲಿ ಉಕ್ಕು ಮತ್ತು ಕಾಂಕ್ರೀಟಿನ ತೊಲೆಗಳ ವಿಷಯವಾಗಿಯೂ ಇದರ ಗಣಿತವನ್ನು ಪ್ರಕಟಿಸಿದರು. ಈಗಿನ ಇಂಜಿನಿಯರರೂ ಅದೇ ದಾರಿಯನ್ನು ಹಿಡಿಯುತ್ತಾರೆ.

ಮೂಡಬಿದಿರೆಯಲ್ಲಿ ೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಲ್ಲಿ ಕೆಳಗೆ ಕಲ್ಲು, ಮೇಲೆ ಮರ. ಕಲ್ಲು ಅದುಮಿದರೆ ತಾಳುವದು, ಹಿಗ್ಗಿಸಿದರೆ ಬಿರಿಯುವದು. ಆದಕಾರಣ ಕಲ್ಲಿನ ತೊಲೆಗೆ ಹತ್ತಿರ ಹತ್ತಿರ ಕಂಬಗಳು ಬೇಕು. ಕಾಂಕ್ರೀಟಿನ ಗುಣವೂ ಕಲ್ಲಿನಂಥದೇ. ಹಿಗ್ಗುವ ಕೆಳಭಾಗದಲ್ಲಿ ಮರ, ಕುಗ್ಗುವ ಮೇಲ್ಭಾಗದಲ್ಲಿ ಕಾಂಕ್ರೀಟು ಇದ್ದು, ಎರಡೂ ಸೇರಿ ದುಡಿದರೆ ಅದಕ್ಕಿಂತ ಒಳ್ಳೇ ಜೋಡಿ ವಿರಳ. ಸೇರದಿದ್ದರೋ, ೫ ಸೆಂಟಿಮೀಟರು ದಪ್ಪದ ಕಾಂಕ್ರೀಟು ಚದರ ಮೀಟರಿಗೆ ಸುಮಾರು ೧೨೦ ಕಿಲೋಗ್ರಾಮು ತೂಗುವದು, ಮತ್ತು ಆ ಭಾರವು ಹೆಚ್ಚುಕಡಿಮೆ ಎಲ್ಲವೂ ಮುದಿ ತೊಲೆಗಳ ಮೇಲೆಯೇ ಬೀಳುವದು.

ಆದುದರಿಂದ ತೊಲೆಯೊಳಗೆ ಆಳವಾಗಿ ಇಳಿದು ಕಾಂಕ್ರೀಟಿನೊಳಗೆ ತಲೆಯೆತ್ತಿ ನಿಲ್ಲುವ ಉಕ್ಕಿನ ತಿರುಪುಗಳು ಬೇಕು. ಇವನ್ನು ಎಲ್ಲಿ ಒತ್ತಾಗಿ ಹಾಕಬೇಕು? ತೊಲೆಯು ಹೆಚ್ಚು ಬಾಗುವದು ನಡುವಿನಲ್ಲಿ, ಆದಕಾರಣ ಅಲ್ಲಿಯೇ ಎಂದು ಹೆಚ್ಚಿನವರು ಹೇಳುವರು. ಹಾಗಲ್ಲ. ನೋಟುಪುಸ್ತಕದ ನಡುವಿನಲ್ಲಿ ಹಾಳೆಗಳು ಜಾರವು. ಜಾರಿಕೆಯೆಲ್ಲಾ ಕೂಡಿ ಕಾಣಿಸುವದು ತುದಿಯಲ್ಲಿ. ತೊಲೆಯ ಉದ್ದಕ್ಕೂ ಸಮನಾಗಿ ಭಾರವಿರುವಾಗ ತಿರುಪುಗಳು ಗೋಡೆಯ ಸಮೀಪದಲ್ಲಿ ಒತ್ತಾಗಿಯೂ ನಡುವೆ ವಿರಳವಾಗಿಯೂ ಇರತಕ್ಕದ್ದು.

ನಮ್ಮ ಜಿಲ್ಲೆಯ ಕಷ್ಟವು ಇಲ್ಲಿಯೇ ಇದೆ. ಮಳೆಗಾಲದ ತೇವವನ್ನು ಹೀರುವ ಗೋಡೆಯೊಳಗೆ ಹೊಕ್ಕಿರುವದು ತೊಲೆಯ ತುದಿಯೇ. ಕುಂಬು ಹಿಡಿಯುವದೂ ಗೆದ್ದಲು ಹತ್ತುವದೂ ಹೆಚ್ಚಾಗಿ ಅಲ್ಲಿಂದಲೇ. ಹೊರಗೆ ನುಣುಪಾಗಿ ಕಾಣುವ ಆ ಭಾಗವನ್ನು ಆಚಾರಿಯು ಉಳಿಯಿಂದ ಚುಚ್ಚಿ ನೋಡದೆ ಕೆಲಸವನ್ನು ತೊಡಗಬಾರದು. ಕುಂಬಾದ ಮರದಲ್ಲಿ ಎಂಥ ತಿರುಪೂ ಹಿಡಿಯದು. ಇನ್ನೊಂದು ಮಾತು: ಹಸಿ ಕಾಂಕ್ರೀಟಿಗೆ ಭಾರವಿದೆ, ಬಲವಿಲ್ಲ. ಅದು ಬಲಿಯುವ ತನಕ ತೊಲೆಗಳ ಅಡಿಯಲ್ಲಿ ಊರೆಗಳನ್ನು ಕೊಟ್ಟಿರಬೇಕು. ಮೇಸ್ತ್ರಿಯು ಅವಸರಪಡಿಸಿದರೂ ಅವನ್ನು ಮುಂಚಿತವಾಗಿ ತೆಗೆಯಗೊಡಬಾರದು.